ಮಾವನ ಟ್ರಂಕಿನಲ್ಲಿ ಸಿಕ್ಕಿದ ಸೂಪರ್‌ಮ್ಯಾನ್ ಅಸಲಿಯೇ? ಪುಡಿಯಾಗುತ್ತಿರುವ ಪಲ್ಪ್ ಪತ್ರಿಕೆಗಳನ್ನು ಏನು ಮಾಡಬೇಕು?

ಉಡುಪಿಯ ಓದುಗರೊಬ್ಬರ ಪತ್ರ:

“ಚಿಕಾಗೋದಲ್ಲಿದ್ದ ನನ್ನ ಸೋದರಮಾವ ತೀರಿಕೊಂಡ ಮೇಲೆ ಅವರ ಒಂದು ಟ್ರಂಕು ನಮ್ಮ ಮನೆಗೆ ಬಂದಿದೆ. ಒಳಗೆ ಹಳೆಯ ಅಮೆರಿಕನ್ ಪಲ್ಪ್ ಪತ್ರಿಕೆಗಳಿವೆ, ಅಂದರೆ ಅಗ್ಗದ ಕಾಗದದ ಕಥಾಪತ್ರಿಕೆಗಳು: 1928ರ ಆಗಸ್ಟ್ ತಿಂಗಳ ಅಮೇಜಿಂಗ್ ಸ್ಟೋರೀಸ್, 1930ರ ದಶಕದ ನಾಲ್ಕು ಅಸ್ಟೌಂಡಿಂಗ್, ಆರು ಡಾಕ್ ಸ್ಯಾವೇಜ್, 1936ರ ನವೆಂಬರ್ 1ರ ದಿ ಶ್ಯಾಡೋ. ಜೊತೆಗೆ ಸೂಪರ್‌ಮ್ಯಾನ್ ಕಾರನ್ನು ಎತ್ತಿ ಹಿಡಿದಿರುವ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆ, ಜೂನ್ 1938, ಬೆಲೆ 10 ಸೆಂಟ್. ಅದಕ್ಕೆ ಕೋಟಿಗಟ್ಟಲೆ ಬೆಲೆ ಎಂದು ಕೇಳಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಅಳೆದು ನೋಡಿದೆ, ಉದ್ದ ಹದಿಮೂರೂವರೆ ಇಂಚು, ಅಗಲ ಹತ್ತು. ಉಳಿದವೆಲ್ಲ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತವೆ, ಇದೊಂದು ಮಾತ್ರ ಗಟ್ಟಿಯಾಗಿದೆ. ಅಂಚು ಕತ್ತರಿಸಿ, ಜಾಹೀರಾತಿನ ಪುಟ ತೆಗೆದು ರೆಕ್ಸಿನ್ ಬೈಂಡ್ ಹಾಕಿಕೊಡುತ್ತೇನೆ ಎನ್ನುತ್ತಾರೆ ಬೈಂಡರ್. ಲ್ಯಾಮಿನೇಟ್ ಮಾಡಿಸೋಣ ಎನ್ನುತ್ತಾನೆ ಮಗ. ಟ್ರಂಕು ಸದ್ಯ ಹೆಂಚಿನ ಮನೆಯ ಅಟ್ಟದಲ್ಲಿದೆ, ಡಾಂಬರು ಗುಳಿಗೆ ಹಾಕಿಟ್ಟಿದ್ದೇನೆ. ಇನ್ನೊಂದು ವಿಷಯ: ಮಾವ ಒಂದು ಚೀಟಿಯಲ್ಲಿ ‘ಸೂಪರ್‌ಮ್ಯಾನ್ ಅಂದರೆ ಗ್ಲ್ಯಾಡಿಯೇಟರ್ ಎಂಬ ಪಲ್ಪ್ ಕಥೆಯ ಕಳ್ಳತನ’ ಎಂದು ಬರೆದಿದ್ದಾರೆ. ಅಮೇಜಿಂಗ್‌ನೊಳಗಿನ ಚೀಟಿಯಲ್ಲಿ ‘ಮುಖಪುಟದಲ್ಲಿ ಹಾರುತ್ತಿರುವವನು ಬಕ್ ರೋಜರ್ಸ್’ ಎಂದಿದೆ. ಇದೆಲ್ಲ ನಿಜವೇ? ನಾನೇನು ಮಾಡಲಿ?”

ನಿದ್ದೆ ಕೆಡಿಸಿದ ವಿಷಯವನ್ನು ಮೊದಲು ಮುಗಿಸೋಣ. ನಿಮ್ಮ ಪ್ರಶ್ನೆಗೆ ನಿಮ್ಮ ಸ್ಕೇಲೇ ಉತ್ತರ ಕೊಟ್ಟಿದೆ. 1938ರ ಮೂಲ ಆಕ್ಷನ್ ಕಾಮಿಕ್ಸ್ ಸುಮಾರು ಏಳೂಮುಕ್ಕಾಲು ಇಂಚು ಅಗಲ, ಹತ್ತೂವರೆ ಇಂಚು ಉದ್ದ. ನಿಮ್ಮಲ್ಲಿರುವುದು 1974ರಲ್ಲಿ ಸೂಪರ್‌ಮ್ಯಾನ್ ಪ್ರಕಾಶಕರಾದ ಡಿಸಿ ಸಂಸ್ಥೆಯೇ ‘ಫೇಮಸ್ ಫಸ್ಟ್ ಎಡಿಷನ್’ ಎಂಬ ಮಾಲೆಯಲ್ಲಿ 1 ಡಾಲರಿಗೆ ಮಾರಿದ ದೊಡ್ಡ ಅಳತೆಯ ಮರುಮುದ್ರಣ. ಅದಕ್ಕೆ ಹೊರಗೊಂದು ದಪ್ಪ ಹೊದಿಕೆ ಇತ್ತು, ಮಾಲೆಯ ಹೆಸರು ಇದ್ದದ್ದು ಅದರ ಮೇಲೆ. ಒಳಗೆ ಮೂಲ ಸಂಚಿಕೆ ಮುಖಪುಟದ ಸಮೇತ, 10 ಸೆಂಟ್ ಬೆಲೆಯೂ ಜೂನ್ 1938ರ ತಾರೀಕೂ ಇದ್ದಂತೆಯೇ, ದೊಡ್ಡದಾಗಿ ಅಚ್ಚಾಗಿತ್ತು. ಹೊರಹೊದಿಕೆ ಹರಿದುಹೋದರೆ, ಅಥವಾ ಯಾರಾದರೂ ಬೇಕೆಂದೇ ಕಿತ್ತರೆ, ಒಳಗಿನದು ಅಸಲಿಯಂತೆ ಕಾಣುತ್ತದೆ. ಐವತ್ತು ವರ್ಷಗಳಿಂದ ಜನ ಮೋಸಹೋಗುತ್ತಿರುವುದು ಹೀಗೆಯೇ. ನಿಮ್ಮ ಮಾವ ಮೋಸಹೋದರೆಂದು ಭಾವಿಸಬೇಕಿಲ್ಲ. ಓದಲು ಇಷ್ಟಪಟ್ಟವರು ಆ ಕಾಲದಲ್ಲಿ ಇದನ್ನೇ ಕೊಳ್ಳುತ್ತಿದ್ದರು. ಅದರ ಬೆಲೆ ಸಾವಿರಗಳಲ್ಲಿ ಮಾತಾಡುವಂಥದ್ದು, ಲಕ್ಷಗಳಲ್ಲಲ್ಲ. ಅಸಲಿ ಪ್ರತಿಯೊಂದು 2014ರಲ್ಲಿ 32 ಲಕ್ಷ ಡಾಲರಿಗೆ, ಇನ್ನೊಂದು 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ನಿಮ್ಮ ಮನೆಗೆ ಬಂದ ಸುದ್ದಿ ಅದು.

ಇದೇ ಅನುಮಾನ ಇರುವ ಬೇರೆಯವರಿಗೂ ಒಂದು ಮಾತು. ಚಿಕ್ಕ ಅಳತೆಯ ಮರುಮುದ್ರಣಗಳೂ ಇವೆ, ಹಾಗಾಗಿ ಗಾತ್ರ ಸರಿಯಿದ್ದ ಮಾತ್ರಕ್ಕೆ ಅಸಲಿ ಎನ್ನಬೇಡಿ. ಪುಟ ಎಣಿಸಿ. ಮೂಲದಲ್ಲಿ ರಕ್ಷಾಪುಟ ಬಿಟ್ಟು 64 ಪುಟಗಳಿವೆ, ಸೂಪರ್‌ಮ್ಯಾನ್ ಕಥೆ ಅದರಲ್ಲಿ 13 ಪುಟ ಮಾತ್ರ. ಜಾದೂಗಾರ ಜಟಾರಾ, ಟೆಕ್ಸ್ ಥಾಮ್ಸನ್, ಮಾರ್ಕೊ ಪೋಲೊ ಮೊದಲಾದ ಬೇರೆ ಕಥೆಗಳು ಒಳಗಿರಬೇಕು. ತೆಳ್ಳಗಿನ ಪ್ರತಿ, ಬಿಳಿ ನುಣುಪು ಕಾಗದ, ಒಳಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತೀಚಿನ ಹಕ್ಕುಸ್ವಾಮ್ಯದ ವರ್ಷ, ಇವುಗಳಲ್ಲಿ ಯಾವುದೊಂದು ಕಂಡರೂ ಅಲ್ಲಿಗೆ ಬಿಡಿ.

ಈಗ ಟ್ರಂಕಿನ ಉಳಿದ ಭಾಗಕ್ಕೆ ಬರೋಣ. ಗಟ್ಟಿಯಾಗಿರುವ ಆ ಒಂದು ಪ್ರತಿಯನ್ನು ಪಕ್ಕಕ್ಕಿಡಿ. ಪುಡಿಯಾಗುತ್ತಿರುವವು ಅಸಲಿ, ಮತ್ತು ಸೂಪರ್‌ಹೀರೋ ಹುಟ್ಟಿದ್ದು ಆ ಕಾಗದದ ಮೇಲೆ. ಮಾವನ ಚೀಟಿಗಳ ಜೊತೆಗೇ ಇದನ್ನು ಬಿಡಿಸಿ ಹೇಳುತ್ತೇನೆ. ಯಾವ ಪುಟ ಏಕೆ ಉಳಿಯಬೇಕು ಎಂಬುದು ಇದರಿಂದಲೇ ಗೊತ್ತಾಗುವುದು.

ಅಮೇಜಿಂಗ್ ಸ್ಟೋರೀಸ್‌ನ ಮುಖಪುಟದಲ್ಲಿ ಹಾರುವವನು ಬಕ್ ರೋಜರ್ಸ್ ಅಲ್ಲ. ಆ ಚಿತ್ರ ಅದೇ ಸಂಚಿಕೆಯಲ್ಲಿ ಶುರುವಾದ ಇ. ಇ. ಸ್ಮಿತ್‌ನ ‘ದಿ ಸ್ಕೈಲಾರ್ಕ್ ಆಫ್ ಸ್ಪೇಸ್’ ಕಥೆಯದು, ಚಿತ್ರ ಬರೆದವನು ಫ್ರ್ಯಾಂಕ್ ಪಾಲ್. ಆದರೆ ನಿಮ್ಮ ಮಾವ ಪೂರ್ತಿ ತಪ್ಪಿಲ್ಲ. ಬಕ್ ರೋಜರ್ಸ್ ಇರುವುದು ಒಳಪುಟಗಳಲ್ಲಿ, ಫಿಲಿಪ್ ಫ್ರಾನ್ಸಿಸ್ ನೌಲನ್‌ನ ‘ಆರ್ಮಗೆಡಾನ್ 2419 ಎ.ಡಿ.’ ಕಥೆಯಲ್ಲಿ. ಅಲ್ಲಿ ಅವನ ಹೆಸರು ಆಂಥೊನಿ ರೋಜರ್ಸ್. 1929ರ ಜನವರಿ 7ರಂದು ಅದು ದಿನಪತ್ರಿಕೆಗಳ ಚಿತ್ರಕಥೆಯಾದಾಗ ‘ಬಕ್’ ಆದ. ಪಲ್ಪ್ ಕಥೆಯೊಂದು ಚಿತ್ರಕಥೆಯಾಗಿ ಜನರ ಕೈಸೇರಿದ ಮೊದಲ ದೊಡ್ಡ ಗೆಲುವುಗಳಲ್ಲಿ ಇದೊಂದು. ಅದರ ಮೂಲ ಸಂಚಿಕೆ ನಿಮ್ಮ ಅಟ್ಟದ ಮೇಲಿದೆ. ಸಂಪುಟ 3, ಸಂಚಿಕೆ 5 ಎಂದು ಒಳಗೆ ಇರಬೇಕು, ಒಮ್ಮೆ ನೋಡಿಕೊಳ್ಳಿ.

ಗ್ಲ್ಯಾಡಿಯೇಟರ್ ವಿಷಯದಲ್ಲಿ ಚೀಟಿಯ ಮಾತು ಅರ್ಧ ಸರಿ. ಫಿಲಿಪ್ ವೈಲಿ ಬರೆದ ಅದು ಪಲ್ಪ್ ಪತ್ರಿಕೆಯ ಕಥೆಯಲ್ಲ, 1930ರಲ್ಲಿ ಬಂದ ರಟ್ಟಿನ ಕಟ್ಟಿನ ಕಾದಂಬರಿ. ಹೋಲಿಕೆ ಇರುವುದು ನಿಜ. ಇರುವೆ ತನ್ನ ತೂಕದ ಎಷ್ಟೋ ಪಟ್ಟು ಹೊರುತ್ತದೆ, ಮಿಡತೆ ತನ್ನ ಉದ್ದದ ಎಷ್ಟೋ ಪಟ್ಟು ನೆಗೆಯುತ್ತದೆ ಎಂಬ ವಿವರಣೆ ಆ ಕಾದಂಬರಿಯಲ್ಲೂ ಇದೆ, ಸೂಪರ್‌ಮ್ಯಾನ್‌ನ ಮೊದಲ ಕಥೆಯಲ್ಲೂ ಇದೆ. ಆದರೆ ಕಳ್ಳತನ ಎಂದು ಕೈತೊಳೆದುಕೊಂಡರೆ ಸೂಪರ್‌ಮ್ಯಾನ್‌ನ ಮುಕ್ಕಾಲು ಭಾಗ ವಿವರಣೆಗೆ ಸಿಗದೆ ಉಳಿಯುತ್ತದೆ. ಬೇರೆ ಗ್ರಹದ ಗುರುತ್ವದಿಂದ ಬಲ ಹೆಚ್ಚುವ ಯೋಚನೆ 1912ರಲ್ಲೇ ಆಲ್-ಸ್ಟೋರಿ ಎಂಬ ಪಲ್ಪ್‌ನಲ್ಲಿ ಮಂಗಳ ಗ್ರಹದ ಮೇಲೆ ನೆಗೆದಾಡಿದ ಜಾನ್ ಕಾರ್ಟರ್‌ನದು. ನಿಮ್ಮಲ್ಲಿರುವ ಡಾಕ್ ಸ್ಯಾವೇಜ್ ಪತ್ರಿಕೆಯ ನಾಯಕನ ಪೂರ್ಣ ಹೆಸರು ಕ್ಲಾರ್ಕ್ ಸ್ಯಾವೇಜ್. ಉತ್ತರ ಧ್ರುವದ ಕಡೆ ಅವನಿಗೊಂದು ಏಕಾಂತ ಕೋಟೆ ಇತ್ತು, ‘ಫೋರ್ಟ್ರೆಸ್ ಆಫ್ ಸಾಲಿಟ್ಯೂಡ್’. ವರ್ಷಗಳ ನಂತರ ಅದೇ ಹೆಸರಿನ ಕೋಟೆ ಸೂಪರ್‌ಮ್ಯಾನ್‌ಗೂ ಬಂತು. 1938ರ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ ಎಂಬುದೂ ನೆನಪಿರಲಿ. ಇಪ್ಪತ್ತು ಮಹಡಿಯ ಕಟ್ಟಡವನ್ನು ನೆಗೆದು ದಾಟುತ್ತಿದ್ದ, ಅಷ್ಟೆ. ಪಲ್ಪ್ ನಾಯಕರ ಅಳತೆಯ ಬಲ ಅದು.

ಶ್ಯಾಡೋ ಸಂಚಿಕೆಯನ್ನು ನೀವು ಪಟ್ಟಿಯ ಕೊನೆಗೆ ಹಾಕಿದ್ದೀರಿ. ಹೆಚ್ಚು ಜೋಪಾನ ಬೇಕಾದವುಗಳಲ್ಲಿ ಅದೊಂದು. 1936ರ ನವೆಂಬರ್ 1ರ ಸಂಚಿಕೆಯಲ್ಲಿರುವ ‘ಪಾರ್ಟ್‌ನರ್ಸ್ ಆಫ್ ಪೆರಿಲ್’ ಕಥೆಯನ್ನು ಬರೆದವನು ಥಿಯೊಡೋರ್ ಟಿನ್ಸ್‌ಲಿ. ರಾಸಾಯನಿಕ ಕಂಪನಿಯೊಂದರ ಪಾಲುದಾರರು ಒಬ್ಬೊಬ್ಬರಾಗಿ ಕೊಲೆಯಾಗುವ ಕಥೆ. 1939ರ ಮೇ ತಿಂಗಳ ಡಿಟೆಕ್ಟಿವ್ ಕಾಮಿಕ್ಸ್ 27ರಲ್ಲಿ ಬ್ಯಾಟ್‌ಮ್ಯಾನ್ ಮೊದಲು ಕಾಣಿಸಿಕೊಂಡ ಆರು ಪುಟಗಳ ಕಥೆಯ ಎಲುಬು ಇದೇ. ಅದನ್ನು ಬರೆದ ಬಿಲ್ ಫಿಂಗರ್, ತನ್ನ ಮೊದಲ ಬ್ಯಾಟ್‌ಮ್ಯಾನ್ ಕಥೆ ಶ್ಯಾಡೋ ಕಥೆಯೊಂದರಿಂದ ಬಂದದ್ದು ಎಂದು ತಾನೇ ಒಪ್ಪಿಕೊಂಡಿದ್ದ. ಸಾಲ ಎಂಬ ಮಾತು ಗ್ಲ್ಯಾಡಿಯೇಟರ್‌ಗಿಂತ ಇಲ್ಲಿ ಹೆಚ್ಚು ಸಲ್ಲುತ್ತದೆ.

ಬೈಂಡರು ಕತ್ತರಿಸಿ ಎಸೆಯಲು ಹೊರಟಿರುವುದು ಏನು ಎಂಬುದೇ ನನ್ನ ದೊಡ್ಡ ಕಾಳಜಿ. ಲಕ್ಸೆಂಬರ್ಗ್‌ನಿಂದ ಅಮೆರಿಕಕ್ಕೆ ವಲಸೆ ಬಂದ ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲ್‌ನಲ್ಲಿ ಅಮೇಜಿಂಗ್ ಸ್ಟೋರೀಸ್ ಶುರುಮಾಡಿದ. ಬರೀ ವೈಜ್ಞಾನಿಕ ಕಥೆಗಳಿಗೆಂದೇ ಬಂದ ಮೊದಲ ಇಂಗ್ಲಿಷ್ ಪತ್ರಿಕೆ ಅದು. ಹಿಂಬದಿಯ ಪುಟಗಳಲ್ಲಿ ಓದುಗರ ಪತ್ರಗಳನ್ನು ಪೂರ್ಣ ವಿಳಾಸದೊಂದಿಗೆ ಅಚ್ಚು ಹಾಕುತ್ತಿದ್ದ. ಇದರ ಪರಿಣಾಮ ದೊಡ್ಡದು. ಬೇರೆ ಬೇರೆ ಊರಿನ ಹುಡುಗರು ಆ ವಿಳಾಸ ನೋಡಿ ಒಬ್ಬರಿಗೊಬ್ಬರು ಕಾಗದ ಬರೆದರು, ಕೂಟ ಕಟ್ಟಿದರು, ಸೈಕ್ಲೋಸ್ಟೈಲ್ ಮಾಡಿದ ಸಣ್ಣ ಪತ್ರಿಕೆಗಳನ್ನು ತಾವೇ ತಂದರು. ಮುಂದೆ ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ, ಕ್ಲೀವ್‌ಲ್ಯಾಂಡ್‌ನ ಗ್ಲೆನ್‌ವಿಲ್ ಹೈಸ್ಕೂಲಿನ ಜೆರ್ರಿ ಸೀಗಲ್ ಮತ್ತು ಜೋ ಶೂಸ್ಟರ್ ಅಂಥವರು. ಅವರು ‘ಸೈನ್ಸ್ ಫಿಕ್ಷನ್’ ಎಂಬ ಹೆಸರಿನಲ್ಲಿ ತಂದ ಐದು ಸಂಚಿಕೆಗಳ ಪೈಕಿ 1933ರ ಜನವರಿಯದರಲ್ಲಿ ‘ದಿ ರೇನ್ ಆಫ್ ದ ಸೂಪರ್‌ಮ್ಯಾನ್’ ಎಂಬ ಕಥೆ ಇದೆ. ಅಲ್ಲಿನ ಸೂಪರ್‌ಮ್ಯಾನ್ ನಾಯಕನಲ್ಲ, ವಿಜ್ಞಾನಿಯೊಬ್ಬನ ಪ್ರಯೋಗದಿಂದ ಮನಶ್ಶಕ್ತಿ ಪಡೆದ ಬೋಳುತಲೆಯ ಖಳ. ಐದು ವರ್ಷ ಕಳೆದ ಮೇಲೆ ಅದೇ ಹೆಸರು ನಾಯಕನದಾಗಿ, ಪುಟಕ್ಕೆ 10 ಡಾಲರಿನಂತೆ 13 ಪುಟಕ್ಕೆ 130 ಡಾಲರಿಗೆ, ಎಲ್ಲ ಹಕ್ಕುಗಳ ಸಮೇತ ಮಾರಾಟವಾಯಿತು. ಅಭಿಮಾನಿ ಪತ್ರಿಕೆ ನಡೆಸುತ್ತಿದ್ದ ಜೂಲಿಯಸ್ ಶ್ವಾರ್ಟ್ಸ್, ಮಾರ್ಟ್ ವೈಸಿಂಗರ್ ಮುಂದೆ ಡಿಸಿಯಲ್ಲಿ ಸಂಪಾದಕರಾದರು. 1928ರ ಮುಖಪುಟ ಬರೆದ ಫ್ರ್ಯಾಂಕ್ ಪಾಲ್‌ನೇ 1939ರ ಮಾರ್ವೆಲ್ ಕಾಮಿಕ್ಸ್ ಮೊದಲ ಸಂಚಿಕೆಯ ಮುಖಪುಟವನ್ನೂ ಬರೆದ. ಪ್ರಕಾಶಕರೂ ಪಲ್ಪ್‌ನವರೇ: ಮಾರ್ಟಿನ್ ಗುಡ್‌ಮನ್ ಕಾಮಿಕ್ಸ್‌ಗೆ ಮೊದಲೇ ಪಲ್ಪ್ ಹೊರಡಿಸುತ್ತಿದ್ದ, ‘ಮಾರ್ವೆಲ್’ ಹೆಸರು 1938ರಲ್ಲಿ ಅವನ ವೈಜ್ಞಾನಿಕ ಪಲ್ಪ್‌ನ ಮೇಲೆಯೇ ಮೊದಲು ಬಂತು. ಆಕ್ಷನ್ ಕಾಮಿಕ್ಸ್ ಹಿಂದಿದ್ದ ಹ್ಯಾರಿ ಡೊನೆನ್‌ಫೆಲ್ಡ್ ಕೂಡ ಪಲ್ಪ್ ವ್ಯಾಪಾರಿಯೇ.

ಹಾಗಾಗಿ ಓದುಗರ ಪತ್ರದ ಪುಟ, ಜಾಹೀರಾತಿನ ಪುಟ, ಮುಖಪುಟ ಯಾವುದನ್ನೂ ಬೇರ್ಪಡಿಸಬೇಡಿ. ವಾರಪತ್ರಿಕೆಯ ಧಾರಾವಾಹಿ ಹರಿದು ಬೈಂಡ್ ಹಾಕಿಸುವ ನಮ್ಮ ಹಳೆಯ ರೂಢಿ ಒಳ್ಳೆಯದೇ, ಎಷ್ಟೋ ಕಾದಂಬರಿಗಳು ಉಳಿದದ್ದು ಅದರಿಂದ. ಆದರೆ ಈ ಕಾಗದ ಅದಕ್ಕೆ ತಡೆಯದು.

ಏಕೆ ತಡೆಯದು? 1896ರಲ್ಲಿ ಫ್ರ್ಯಾಂಕ್ ಮನ್ಸಿ ತನ್ನ ಆರ್ಗೊಸಿ ಪತ್ರಿಕೆಯನ್ನು ಅಗ್ಗದ ಪಲ್ಪ್ ಕಾಗದಕ್ಕೆ ತಂದಾಗಿನಿಂದ ಈ ಪತ್ರಿಕೆಗಳ ಹೆಸರೇ ಕಾಗದದ ಹೆಸರು. ಮರವನ್ನು ಕಲ್ಲಿನ ಚಕ್ರಕ್ಕೆ ಒತ್ತಿ ಅರೆದ ತಿರುಳು ಅದು. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಶವನ್ನು ರಾಸಾಯನಿಕವಾಗಿ ಬೇಯಿಸಿ ತೆಗೆಯುವ ಖರ್ಚು ಉಳಿಸಿದ್ದರು. ಲಿಗ್ನಿನ್ ಬೆಳಕು ಮತ್ತು ಗಾಳಿ ತಾಗಿ ಕಂದಾಗುತ್ತದೆ, ಆಮ್ಲ ಬಿಡುತ್ತದೆ. ಶಾಯಿ ಹರಡದಿರಲೆಂದು ಸೇರಿಸಿದ ಪಟಿಕ ಮತ್ತು ರಾಳ ತೇವ ಸಿಕ್ಕಾಗ ಇನ್ನಷ್ಟು ಆಮ್ಲ ಕೊಡುತ್ತವೆ. ಅರೆಯುವಾಗಲೇ ತುಂಡಾಗಿದ್ದ ನಾರನ್ನು ಆಮ್ಲ ಮತ್ತೂ ಕಡಿಯುತ್ತದೆ. ಗಾಳಿ ಮೊದಲು ತಾಗುವುದು ಅಂಚಿಗೆ, ಅದಕ್ಕೇ ಅಂಚು ಮೊದಲು ಕಂದಾಗಿ ಉದುರುವುದು. ಮುಖಪುಟ ಮಾತ್ರ ಹೊಳಪು ಲೇಪದ ಬೇರೆ ಕಾಗದ. ಅದರ ಬಣ್ಣ ಇನ್ನೂ ಮಿನುಗುತ್ತಿದ್ದರೆ ಒಳಗೂ ಗಟ್ಟಿಯಿದೆ ಎಂದು ನಂಬಿ ತೆರೆಯಬೇಡಿ.

ಬೈಂಡರ ಕಟಿಂಗ್ ಮೆಷಿನ್ ಅಂಚು ಒತ್ತಿದಾಗ ಈ ಕಾಗದ ಕತ್ತರಿಸುವುದಿಲ್ಲ, ಒಡೆಯುತ್ತದೆ. ಬೆನ್ನಿಗೆ ಸೂಜಿ ಹಾಕಿ ಹೊಲಿದರೆ ಆ ರಂಧ್ರಗಳ ಸಾಲೇ ಹರಿಯುವ ಗೆರೆಯಾಗುತ್ತದೆ. ಪಲ್ಪ್‌ಗಳಲ್ಲಿ ಮುಖಪುಟ ಒಳಪುಟಕ್ಕಿಂತ ಚೂರು ಹೊರಚಾಚಿರುತ್ತದೆ, ಅಂಚು ಒರಟಾಗಿರುತ್ತದೆ. ಅದು ಹಾಳಾದದ್ದಲ್ಲ, ಮೂಲದ ಗುರುತು. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು. ಶಾಖ ಆಮ್ಲದ ಕೆಲಸವನ್ನು ಚುರುಕಾಗಿಸುತ್ತದೆ, ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಬರುವುದಿಲ್ಲ, ಒಳಗೆ ಕಾಗದ ಸಾಯುತ್ತಲೇ ಇರುತ್ತದೆ. ಸೆಲ್ಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಅಕ್ಷರದೊಳಗೆ ಇಳಿಯುತ್ತದೆ. ಈ ಮೂರಕ್ಕೂ ಇಲ್ಲ ಎನ್ನಿ.

ಮೊದಲು ಟ್ರಂಕನ್ನು ಅಟ್ಟದಿಂದ ಇಳಿಸಿ. ಹೆಂಚಿನ ಕೆಳಗೆ ಬೇಸಿಗೆಯಲ್ಲಿ ಸುಡುತ್ತದೆ, ಮಳೆಗಾಲದಲ್ಲಿ ತೇವ ಕುಡಿಯುತ್ತದೆ, ಎರಡೂ ಬೇಡ. ಡಾಂಬರು ಗುಳಿಗೆ ತೆಗೆಯಿರಿ. ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುತ್ತದೆ, ಮುಚ್ಚಿದ ಕೋಣೆಯಲ್ಲಿ ನಿಮಗೂ ಒಳ್ಳೆಯದಲ್ಲ, ಗೆದ್ದಲನ್ನಂತೂ ತಡೆಯುವುದಿಲ್ಲ. ವಾಸನೆ ಹೋಗಲು ಎರಡು ಮೂರು ದಿನ ನೆರಳಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿ, ತೆಳು ಬಟ್ಟೆ ಮುಚ್ಚಿ ಮೇಜಿನ ಮೇಲಿಡಿ. ಬಿಸಿಲಿಗೆ ಬೇಡವೇ ಬೇಡ. ಬೇವಿನ ಎಲೆಯನ್ನೂ ಕಾಗದಕ್ಕೆ ತಾಗಿಸಬೇಡಿ, ಕಲೆ ಉಳಿಯುತ್ತದೆ.

ಕೈ ತೊಳೆದು ಪೂರ್ತಿ ಒಣಗಿಸಿ ಮುಟ್ಟಿ. ಹತ್ತಿಯ ಕೈಗವಸು ಬೇಡ, ಅದರ ಎಳೆ ಉದುರುವ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಪತ್ರಿಕೆಯನ್ನು ಎತ್ತುವಾಗ ಮೂಲೆ ಹಿಡಿಯಬೇಡಿ, ಕೆಳಗೆ ಒಂದು ಬಿಳಿ ರಟ್ಟು ತೂರಿಸಿ ರಟ್ಟಿನ ಸಮೇತ ಎತ್ತಿ. ತೆರೆದರೂ 60 ಡಿಗ್ರಿಗಿಂತ ಹೆಚ್ಚು ಬೇಡ, ಬೆನ್ನಿನ ಅಂಟು ಬಿಟ್ಟುಕೊಳ್ಳುತ್ತದೆ. ಧೂಳಿಗೆ ಮೆತ್ತನೆಯ ಮೇಕೆಕೂದಲ ಬ್ರಷ್ ಸಾಕು. ಬೆನ್ನಿನಿಂದ ಅಂಚಿನ ಕಡೆಗೆ ಮಾತ್ರ ಎಳೆಯಿರಿ.

ಓಡಾಡುವ ಹುಳು ಕಂಡರೆ ಆ ಪ್ರತಿಯನ್ನು ಎರಡು ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ ಫ್ರೀಜರಿನಲ್ಲಿ ಎರಡು ವಾರ ಇಡಿ. ನಡುವೆ ಬಹಳ ಹೊತ್ತು ಕರೆಂಟ್ ಹೋಗಿ ಮಂಜು ಕರಗಿದರೆ ದಿನಗಳನ್ನು ಮತ್ತೆ ಮೊದಲಿನಿಂದ ಎಣಿಸಿ. ಹೊರತೆಗೆದ ಮೇಲೆ ಇಪ್ಪತ್ತನಾಲ್ಕು ಗಂಟೆ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ, ಹೊಳಪಿನ ಮುಖಪುಟ ಒಳಪುಟಕ್ಕೆ ಅಂಟಿ ಬಿಡುತ್ತದೆ. ಹುಳು ಇಲ್ಲದಿದ್ದರೆ ಫ್ರೀಜರಿನ ಗೋಜು ಬೇಡ.

ಇಡಲು ಪಾಲಿಯೆಸ್ಟರ್ ಹಾಳೆಯ ಚೀಲ, ಸುಮಾರು 100 ಮೈಕ್ರಾನ್ ದಪ್ಪದ್ದು, ಪಿವಿಸಿ ಅಲ್ಲದ್ದು. ಹಿಂದೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿದ ಆಮ್ಲರಹಿತ ರಟ್ಟು. ಪತ್ರಿಕೆಯನ್ನು ಚೀಲದೊಳಗೆ ತಳ್ಳಬೇಡಿ. ರಟ್ಟಿನ ಮೇಲೆ ಮಲಗಿಸಿ ರಟ್ಟನ್ನು ಜಾರಿಸಿ. ಡಾಕ್ ಸ್ಯಾವೇಜ್, ಶ್ಯಾಡೋ ಸುಮಾರು 7ಕ್ಕೆ 10 ಇಂಚಿನವು, 1928ರ ಅಮೇಜಿಂಗ್ ಅವಕ್ಕಿಂತ ದೊಡ್ಡದು, ಎಂಟೂವರೆಗೆ ಹನ್ನೊಂದೂಮುಕ್ಕಾಲು. ಎರಡಕ್ಕೂ ಒಂದೇ ಅಳತೆ ತರಿಸಿದರೆ ದೊಡ್ಡದು ಮಡಚಿಕೊಳ್ಳುತ್ತದೆ. ಮಲಗಿಸಿಯೇ ಇಡಿ, ಒಂದರ ಮೇಲೊಂದು ಎಂಟಕ್ಕಿಂತ ಹೆಚ್ಚು ಬೇಡ. ಉದುರಿದ ಚೂರುಗಳನ್ನು ಎಸೆಯಬೇಡಿ, ಯಾವ ಸಂಚಿಕೆಯದು ಎಂದು ಪೆನ್ಸಿಲಿನಲ್ಲಿ ಬರೆದು ಬೇರೆ ಲಕೋಟೆಯಲ್ಲಿ ಅದರ ಜೊತೆಗೇ ಇಡಿ.

ಕರಾವಳಿಯ ಮಳೆಗಾಲಕ್ಕೆ ಇಷ್ಟೇ ಸಾಲದು. ಬಿಗಿ ಮುಚ್ಚಳದ 50 ಲೀಟರ್ ಡಬ್ಬಿಗೆ 200ರಿಂದ 250 ಗ್ರಾಂ ಬಣ್ಣ ಬದಲಾಗುವ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮೀಟರ್ ಇಡಿ. ಮೀಟರ್ ಶೇ 40ರಿಂದ 50ರ ನಡುವೆ ನಿಲ್ಲಬೇಕು. 65 ದಾಟಿದರೆ ಬೂಸ್ಟು, 30ಕ್ಕಿಂತ ಇಳಿದರೆ ಕಾಗದ ಇನ್ನೂ ಪೆಡಸು. ಇಳಿದರೆ ಜೆಲ್ ಅರ್ಧ ತೆಗೆಯಿರಿ. ಪೂರ್ತಿ ಮುಚ್ಚಿದ ಡಬ್ಬಿಯಲ್ಲಿ ಆಮ್ಲದ ಆವಿ ಒಳಗೇ ಉಳಿಯುತ್ತದೆ, ಆಮ್ಲರಹಿತ ರಟ್ಟು ಅದನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಆದರೂ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಒಣ ದಿನಗಳಲ್ಲಿ ಆಗಾಗ ಮುಚ್ಚಳ ತೆಗೆದು ಗಾಳಿಯಾಡಿಸಿ. ಡಬ್ಬಿ ಹೊರಗೋಡೆಗೆ ತಾಗದಿರಲಿ.

ಆಮ್ಲ ತೆಗೆಯುವ ಮೆಗ್ನೀಸಿಯಂ ಆಕ್ಸೈಡ್ ಸ್ಪ್ರೇ ಸಿಗುತ್ತದೆ. ಮುಂದಿನ ಹಾಳಾಗುವಿಕೆಯನ್ನು ಅದು ನಿಧಾನ ಮಾಡುತ್ತದೆ, ಹೋದ ಬಲವನ್ನು ವಾಪಸು ತರುವುದಿಲ್ಲ. ಅರೆದ ತಿರುಳಿನ ಕಾಗದ ಕ್ಷಾರ ತಾಗಿದರೆ ಒಮ್ಮೊಮ್ಮೆ ಇನ್ನೂ ಕಂದಾಗುತ್ತದೆ, ಮುಖಪುಟದ ಬಣ್ಣವೂ ಬದಲಾಗಬಹುದು. ಮುಖಪುಟ ಇಲ್ಲದ, ಬೆಲೆ ಕಡಿಮೆಯ ಪ್ರತಿಯೊಂದರ ಒಳಪುಟದಲ್ಲಿ ಪರೀಕ್ಷೆ ಮಾಡದೆ ನಿಮ್ಮ ಶ್ಯಾಡೋ ಅಥವಾ ಅಮೇಜಿಂಗ್ ಮೇಲೆ ಬಳಸಬೇಡಿ. ಹರಿದ ಮುಖಪುಟವನ್ನು ಜಪಾನಿ ಟಿಶ್ಯೂ ಮತ್ತು ಗೋಧಿ ಪಿಷ್ಟದ ಅಂಟಿನಿಂದ ಸೇರಿಸಬಹುದು, ನೀರಿನಿಂದ ಬಿಡಿಸಲೂ ಬರುತ್ತದೆ. ಕಲಿತ ಕೈ ಬೇಕು, ಕಾಗದ ಸಂರಕ್ಷಕರಿಗೆ ಬಿಡಿ.

ಓದುವ ಆಸೆಯನ್ನು ಫೋಟೋದಿಂದ ತೀರಿಸಿಕೊಳ್ಳಿ. ಸ್ಕ್ಯಾನರಿನ ಗಾಜಿಗೆ ಒತ್ತಬೇಡಿ, ಬೆನ್ನು ಬಿರಿಯುತ್ತದೆ. ಮೇಲಿನಿಂದ ಮೊಬೈಲ್ ಹಿಡಿಯುವ ಸ್ಟ್ಯಾಂಡ್, ಎರಡೂ ಕಡೆ 45 ಡಿಗ್ರಿ ಕೋನದಲ್ಲಿ ತಣ್ಣನೆಯ ಎಲ್ಇಡಿ ದೀಪ ಸಾಕು. 1928ರ ಸಂಚಿಕೆ ಅಮೆರಿಕದ ಕಾನೂನಿನ ಪ್ರಕಾರ ಈಗ ಸಾರ್ವಜನಿಕ ಸ್ವತ್ತು. ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆ ಅಲ್ಲಿ ಆ ಸ್ಥಿತಿಗೆ ಬರುವುದು 2034ರ ಜನವರಿ 1ಕ್ಕೆ.

ಮಾರುವುದಾದರೆ ಆತುರ ಬೇಡ. ಇಡೀ ಗೊಂಚಲಿಗೆ ಒಂದೇ ಮೊತ್ತ ಹೇಳುವವರಿಗೆ ಕೊಡಬೇಡಿ. ಅವರ ಕಣ್ಣು ಸಾಮಾನ್ಯವಾಗಿ ಒಂದೆರಡು ಸಂಚಿಕೆಗಳ ಮೇಲಷ್ಟೇ ಇರುತ್ತದೆ, ನಿಮ್ಮಲ್ಲಿ ಅವು ಶ್ಯಾಡೋ ಮತ್ತು 1928ರ ಅಮೇಜಿಂಗ್. ಹೊರದೇಶದ ಹರಾಜಿಗೆ ಕಳಿಸುವ ಮುಂಚೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ಕೇಳಿ. ಸಾಹಿತ್ಯಿಕ ಅಥವಾ ಐತಿಹಾಸಿಕ ಮಹತ್ವದ, 75 ವರ್ಷ ದಾಟಿದ ಕಾಗದಪತ್ರಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಖ್ಯೆಗೆ ಬರುತ್ತವೆ. ವಿದೇಶದಿಂದ ಬಂದ ಅಚ್ಚಿನ ಪತ್ರಿಕೆಗೆ ಅದು ಹೇಗೆ ಅನ್ವಯ ಎಂಬುದನ್ನು ಅವರಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ, ಟ್ರಂಕು ಭಾರತಕ್ಕೆ ಬಂದಾಗಿನ ಕಾಗದಗಳನ್ನೂ ಎತ್ತಿಡಿ. ದಾನ ಮಾಡುವ ಮನಸ್ಸಿದ್ದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಶಾಖೆಯಲ್ಲಿ ಈಟನ್ ಸಂಗ್ರಹವಿದೆ, ವೈಜ್ಞಾನಿಕ ಕಥೆಗಳಿಗೆ ಅಷ್ಟು ದೊಡ್ಡ ಭಂಡಾರ ವಿರಳ. ಅಂಥವರು ಹಾಳಾದ ಪ್ರತಿಯನ್ನೂ ಕಸವೆಂದು ನೋಡುವುದಿಲ್ಲ, ಆದರೆ ಕಳಿಸುವ ಮೊದಲು ಪಟ್ಟಿ ಕಳಿಸಿ ಒಪ್ಪಿಗೆ ಪಡೆಯಬೇಕು. ನನ್ನನ್ನು ಕೇಳಿದರೆ, ಈ ಮಳೆಗಾಲ ಕಳೆಯುವವರೆಗೆ ಏನನ್ನೂ ಮಾರದೆ ಪಟ್ಟಿ ಮಾಡಿ, ಫೋಟೋ ತೆಗೆದು, ಡಬ್ಬಿಗೆ ಹಾಕಿ.

ಮಾವನ ಚೀಟಿಗಳನ್ನು ಪತ್ರಿಕೆಯೊಳಗೆ ಬಿಡಬೇಡಿ, ಅವುಗಳ ಶಾಯಿ ಮತ್ತು ಆಮ್ಲ ಪುಟಕ್ಕೆ ಇಳಿಯುತ್ತದೆ. ಎಸೆಯಲೂ ಬೇಡಿ. ಯಾವ ಚೀಟಿ ಯಾವ ಸಂಚಿಕೆಯ ಯಾವ ಪುಟದಲ್ಲಿತ್ತು ಎಂದು ಬರೆದು ಪ್ರತ್ಯೇಕ ಪಾಲಿಯೆಸ್ಟರ್ ಚೀಲದಲ್ಲಿಡಿ. ಆರು ಡಾಕ್ ಸ್ಯಾವೇಜ್‌ಗಳಲ್ಲಿ 1938ರ ಅಕ್ಟೋಬರ್ ಸಂಚಿಕೆ ಇದೆಯೇ ನೋಡಿ. ಏಕಾಂತ ಕೋಟೆಯ ಹೆಸರನ್ನೇ ಹೊತ್ತ ಕಥೆ ಅದರಲ್ಲಿದೆ, ಅಲ್ಲಿಯೂ ನಿಮ್ಮ ಮಾವ ಏನಾದರೂ ಬರೆದಿಟ್ಟಿರಬಹುದು.